ಇನ್ನೂರು ಬೇಡ, ಅರವತ್ತು ಸಾಕು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕನ್ನಡ ಸಾಹಿತ್ಯಕ್ಕೆ ನೀನು ಕಂಠಪಾಠ ಮಾಡಲು ಹೊರಟಿರುವ ಇನ್ನೂರು ಪದ್ಯ, ವಚನಗಳ ಪಟ್ಟಿ ನೋಡಿದೆ. ಎಷ್ಟು ಓದಿದರೂ ನಿಲ್ಲುತ್ತಿಲ್ಲ ಅಂತ ಕೊರಗಿದ್ದೀಯ. ಇಷ್ಟು ದೊಡ್ಡ ಹೊರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ ಮಗಳೇ. ಸ್ವಲ್ಪ ಲೆಕ್ಕ ಹಾಕು. ಪತ್ರಿಕೆಗೆ 250 ಅಂಕ, ಮೂರು ಗಂಟೆ. 10 ಅಂಕದ ಪ್ರಶ್ನೆಗೆ ಸಿಗುವುದು ಏಳು ನಿಮಿಷ, 150 ಪದ. ಅದರಲ್ಲಿ ನಾಲ್ಕು ಸಾಲಿನ, ಅಂದರೆ ನಾಲ್ಕು ಪಾದದ ವೃತ್ತಪದ್ಯವನ್ನು ಇಡಿಯಾಗಿ ಬರೆದು ಕೂತರೆ ನಿನ್ನ ಮಾತಿಗೆ ಜಾಗವೆಲ್ಲಿ?

ಪಂಪಭಾರತದ 12, 13ನೇ ಆಶ್ವಾಸಗಳಿಂದ (ಅಧ್ಯಾಯಗಳಿಂದ) 15, ವಚನ 15, ಕುಮಾರವ್ಯಾಸನ ಕರ್ಣಪರ್ವದಿಂದ 10, ಕನಕದಾಸರು, ಹರಿಹರ, ರತ್ನಾಕರವರ್ಣಿ ಸೇರಿ 10, ಹೊಸಗನ್ನಡಕ್ಕೆ 10. ಒಟ್ಟು ಅರವತ್ತು. ವಡ್ಡಾರಾಧನೆ ಗದ್ಯವಾದ್ದರಿಂದ ಅಲ್ಲಿ ನಾಲ್ಕಾರು ನುಡಿಗಟ್ಟು ನೆನಪಿದ್ದರೆ ಸಾಕು. ಆರಿಸುವಾಗ ಒಂದೇ ಅಳತೆಗೋಲು ಇಟ್ಟುಕೋ: ಈ ಪದ್ಯ ಕಡೇಪಕ್ಷ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒದಗುತ್ತದೆಯೇ? ಒದಗದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಡು. ಓದಿ ಸುಖಪಡು, ಕಂಠಪಾಠದ ಪಟ್ಟಿಗೆ ಮಾತ್ರ ಸೇರಿಸಬೇಡ.

ನಿನಗೆ ಪದೇ ಪದೇ ತಪ್ಪುವ ಪಂಪನ ಪದ್ಯವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿ ಒಬ್ಬರನ್ನು ನೆನೆಯುವುದಾದರೆ ಕರ್ಣನನ್ನೇ ನೆನೆ ಎನ್ನುವ ಪದ್ಯ.

ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನೊಂದೆ ಚಿತ್ತದಿಂ
ನೆನೆವೊಡೆ ಕರ್ಣನಂ ನೆನೆಯ ಕರ್ಣನೊಳಾರ್ ದೊರೆ ಕರ್ಣನೇಱು ಕ
ರ್ಣನ ಕಡುನನ್ನಿ ಕರ್ಣನಳವಂಕದ ಕರ್ಣನ ಚಾಗಮೆಂದು ಕ
ರ್ಣನ ಪಡೆಮಾತಿನೊಳ್ ಪುದಿದು ಕರ್ಣರಸಾಯನಮಲ್ತೆ ಭಾರತಂ

ಮೊದಲ ಪಾದ ಸರಾಗ, ಕೊನೆಯದೂ ಸರಾಗ, ನಡುವೆ ಕಲಸುಮೇಲೋಗರ ಅಂತ ಬರೆದಿದ್ದೀಯಲ್ಲ, ಅದಕ್ಕೆ ಕಾರಣ ಪದ್ಯದೊಳಗೇ ಇದೆ. ಎರಡನೆಯ ಪಾದ ‘ಕ’ ಎಂದು ನಿಲ್ಲುತ್ತದೆ, ಮೂರನೆಯದು ‘ರ್ಣನ’ ಎಂದು ಶುರುವಾಗುತ್ತದೆ. ಮೂರು, ನಾಲ್ಕರ ನಡುವೆಯೂ ಹಾಗೆಯೇ. ಕರ್ಣನ ಹೆಸರನ್ನೇ ಪಂಪ ಎರಡು ಕಡೆ ಸೀಳಿದ್ದಾನೆ. ಇದು ಚಂಪಕಮಾಲೆ ಎಂಬ ವೃತ್ತ. ಗಣ, ಅಂದರೆ ಮೂರು ಮೂರು ಅಕ್ಷರದ ಗುರು ಲಘು ಕಟ್ಟು, ನ ಜ ಭ ಜ ಜ ಜ ರ, ಪಾದಕ್ಕೆ 21 ಅಕ್ಷರ. ಆದಿಪ್ರಾಸ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರದ ಪ್ರಾಸ, ‘ನ’ಕಾರ: ನೆನೆ, ನೆನೆ, ರ್ಣನ, ರ್ಣನ. ನೀನು ಮೂರನೆಯ ಪಾದವನ್ನು ‘ಕರ್ಣನ’ ಎಂದು ಶುರುಮಾಡಿದ ಕೂಡಲೇ ಪ್ರಾಸ ಕೆಟ್ಟಿತು, ಗಣವೂ ಕೆಟ್ಟಿತು. ಪಾದ ಕೂಡುವ ಈ ಸಂದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅಷ್ಟನ್ನೇ ಹತ್ತು ಸಲ ಹೇಳು: ‘ಕರ್ಣನೇಱು ಕ - ರ್ಣನ ಕಡುನನ್ನಿ’. ವೃತ್ತ ಮರೆಯುವುದು ಹೆಚ್ಚಾಗಿ ಇಂಥ ಸಂದಿಯಲ್ಲೇ.

ಆಮೇಲೆ ಪದ ಬಿಡಿಸಿ ಬರೆ. ಏಱು, ಕಡುನನ್ನಿ, ಅಳವು, ಚಾಗ. ಅಂದರೆ ಕಾಳಗ, ಸತ್ಯ, ಪರಾಕ್ರಮ, ತ್ಯಾಗ. ‘ಅಳವಂಕದ’ ಒಂದೇ ಪದವಲ್ಲ, ಅಳವು + ಅಂಕದ. ಹೆಸರುವಾಸಿ ಎಂಬರ್ಥದ ‘ಅಂಕದ’ ಮುಂದಿನ ಕರ್ಣನಿಗೆ ಸೇರುತ್ತದೆ. ಈ ನಾಲ್ಕರ ಸರದಿಯನ್ನು ಬೇರೆಯಾಗಿ ಕಲಿ. ‘ಕಡುಚಾಗ’ ಎಂದು ಬರೆದರೂ ಗಣ ಕೂಡಿಬಿಡುತ್ತದೆ, ಹಾಗಾಗಿ ಇಲ್ಲಿ ಛಂದಸ್ಸು ನಿನ್ನನ್ನು ಕಾಯುವುದಿಲ್ಲ. ಕೊನೆಯ ‘ಕರ್ಣ’ ಕಿವಿಯೂ ಹೌದು, ಕರ್ಣನೂ ಹೌದು ಎಂಬ ಶ್ಲೇಷೆ ಹೊಳೆದರೆ ನಾಲ್ಕನೆಯ ಪಾದ ಜನ್ಮದಲ್ಲಿ ಮರೆಯುವುದಿಲ್ಲ.

ಬಾಯಿಪಾಠವನ್ನು ಹಿಂದಿನಿಂದ ಮಾಡು. ಮೊದಲು ನಾಲ್ಕನೆಯ ಪಾದ, ಆಮೇಲೆ ಮೂರು-ನಾಲ್ಕು, ಎರಡು-ಮೂರು-ನಾಲ್ಕು, ಕಡೆಗೆ ಇಡೀ ಪದ್ಯ. ಯಾವಾಗಲೂ ಮೊದಲಿಂದ ಹೇಳಿದರೆ ಮೊದಲ ಪಾದವನ್ನು ಐವತ್ತು ಸಲ ಹೇಳಿರುತ್ತೀಯ, ಕೊನೆಯದನ್ನು ಹತ್ತು ಸಲ. ಗಟ್ಟಿಯಾಗಿ, ಗುರು ಲಘು ಕೇಳುವಂತೆ ಹೇಳು. ಆಮೇಲೆ ಪುಸ್ತಕ ಮುಚ್ಚಿ ಬರೆ. ಈ ಬರೆಯುವುದನ್ನು ಮಾತ್ರ ತಪ್ಪಿಸಬೇಡ. ಬಾಯಲ್ಲಿ ಸರಿಯಾಗಿದ್ದದ್ದು ಕೈಗೆ ಬಂದಾಗ ಹೊಸಗನ್ನಡಕ್ಕೆ ಜಾರುತ್ತದೆ. ‘ಪಡೆಮಾತಿನೊಳ್’ ಹೋಗಿ ‘ಪಡೆಮಾತಿನಲ್ಲಿ’ ಆಗುತ್ತದೆ, ‘ಅಲ್ತೆ’ ಹೋಗಿ ‘ಅಲ್ಲವೆ’ ಆಗುತ್ತದೆ. ಪುಸ್ತಕ ಒಂದೇ ಇರಲಿ. ಒಂದು ಮುದ್ರಣದಲ್ಲಿ ‘ಏಱು’ ಇದ್ದರೆ ಇನ್ನೊಂದರಲ್ಲಿ ‘ಏರು’ ಇರುತ್ತದೆ, ಎರಡನ್ನೂ ನೋಡುತ್ತಾ ಕೂತರೆ ಪರೀಕ್ಷೆಯ ಹೊತ್ತಿಗೆ ಕೈ ತಡವರಿಸುತ್ತದೆ.

ದಿನಕ್ಕೆ ಹೊಸತು ಎರಡೇ. ಕಲಿತದ್ದನ್ನು ಮರುದಿನ ಬೆಳಗ್ಗೆ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ, ತಿಂಗಳಿಗೊಮ್ಮೆ ನೋಡದೆ ಬರೆ. ತಪ್ಪಿದ್ದನ್ನು ಮತ್ತೆ ಮರುದಿನದ ಸಾಲಿಗೆ ಹಾಕು. ಭಾನುವಾರ ಹೊಸತೇನೂ ಬೇಡ.

ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಗೆ ಲೆಕ್ಕ ಸುಲಭ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು: 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ರಾಗವಾಗಿ ಹೇಳಿಕೊಂಡರೆ ಬೇಗ ಹತ್ತುತ್ತದೆ. ಆದರೆ ರಾಗದಲ್ಲೇ ಕಲಿತವರಿಗೆ ಐದನೆಯ ಸಾಲು ಬೇಕೆಂದರೂ ಮೊದಲಿಂದ ಹಾಡಬೇಕಾಗುತ್ತದೆ. ನಾಲ್ಕನೆಯ ಸಾಲಿನಿಂದ ಶುರುಮಾಡುವ ಅಭ್ಯಾಸವನ್ನೂ ಇಟ್ಟುಕೋ.

ವಚನಕ್ಕೆ ಗಣವಿಲ್ಲ, ಅಲ್ಲಿ ಹಿಡಿಕೆ ವಿಚಾರದ್ದು. ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಎಂಬಲ್ಲಿ ಬಸವಣ್ಣ ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾ ಹೋಗುತ್ತಾನೆ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಸರದಿ ತಪ್ಪುವುದಿಲ್ಲ. ಅಂಕಿತವನ್ನು, ಅಂದರೆ ವಚನಕಾರರು ಕೊನೆಗೆ ಹಾಕುವ ತಮ್ಮ ದೇವರ ಹೆಸರನ್ನು, ವಚನದ ಜೊತೆಗೇ ಕಲಿ, ಕೊನೆಗೆ ಅಂಟಿಸಬೇಡ. ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯದು, ಕಪಿಲಸಿದ್ಧಮಲ್ಲಿಕಾರ್ಜುನ ಸಿದ್ಧರಾಮನದು. ಇವೆರಡೂ ಅದಲುಬದಲಾದರೆ ಇಡೀ ಉತ್ತರ ಹಾಳು.

ಉತ್ತರದಲ್ಲಿ ಒಂದು ಪಾದ, ಬಹಳವೆಂದರೆ ಎರಡು ಬಳಸು. ಬರೆದ ಮೇಲೆ ಅದರೊಳಗಿನ ಒಂದು ಪದವನ್ನು ಹಿಡಿದು ಮಾತಾಡು. ‘ಕಡುನನ್ನಿ’ಯಲ್ಲಿ ‘ಕಡು’ ಯಾಕೆ ಬಂತು ಎಂದು ಎರಡು ವಾಕ್ಯ ಬರೆದರೂ ಉದ್ಧರಣೆಗೆ ಬೆಲೆ ಬಂತು. ಯಾರ ಮಾತು ಎಂಬುದೂ ಸ್ಪಷ್ಟವಿರಲಿ. ಮೇಲಿನ ಪದ್ಯ ಕರ್ಣ ಬಿದ್ದ ಮೇಲೆ ಕವಿಯೇ ಆಡುವ ಮಾತು, ಯಾವ ಪಾತ್ರದ್ದೂ ಅಲ್ಲ. ನಡುವೆ ಒಂದು ಪದ ಮರೆತರೆ ಹೊಂದುವ ಪದವನ್ನು ನೀನೇ ತುಂಬಬೇಡ ಪುಟ್ಟಿ. ಹಳಗನ್ನಡ ಬಲ್ಲವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆಮೇಲೆ ಸರಿಯಾಗಿ ಬರೆದದ್ದರ ಮೇಲೂ ಅವರಿಗೆ ನಂಬಿಕೆ ಉಳಿಯದು. ಉದ್ಧರಣ ಚಿಹ್ನೆ ತೆಗೆದು, ಭಾವವನ್ನು ನಿನ್ನ ಮಾತಲ್ಲೇ ಹೇಳಿ ಮುಂದೆ ಹೋಗು.

ಅರವತ್ತರ ಹೊಸ ಪಟ್ಟಿಯನ್ನು ಈ ವಾರದೊಳಗೆ ಕಳಿಸು. ಒಂದೊಂದರ ಮುಂದೆಯೂ ಅದು ಒದಗುವ ಮೂರು ಪ್ರಶ್ನೆಗಳನ್ನು ಬರೆದಿರಬೇಕು. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಸೋದರಮಾವ