ಕಿಂಡಿ ಮುಚ್ಚಿದರೆ ಮರ ಕೊಳೆಯುವುದಿಲ್ಲವೇ ಅಂದಿರಲ್ಲ

ರಾಲೀ, ನಾರ್ತ್ ಕ್ಯಾರೊಲೈನಾ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ಈ ಕಡೆ ಎಲ್ಲರೂ ಕ್ಷೇಮ.

ಇಲ್ಲಿನ ಮನೆಯ ಕೆಳಗಿನ ಕಿಂಡಿಗಳನ್ನು ಮುಚ್ಚುವ ವಿಷಯ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಳಪಾಯದ ಗೋಡೆಗೆ ಕಿಂಡಿ ಇಡುವುದೇ ಗಾಳಿಯಾಡಲಿ ಅಂತ, ಮುಚ್ಚಿದರೆ ಮರ ಕೊಳೆಯುವುದಿಲ್ಲವೇ ಅಂದಿರಿ. ಇಲ್ಲಿಯೂ ಬಹುಕಾಲ ಹಾಗೇ ನಂಬಿದ್ದರು. 150 ಚದರಡಿ ನೆಲಕ್ಕೆ 1 ಚದರಡಿ ಕಿಂಡಿ ಬೇಕು ಅಂತ ಕಟ್ಟಡ ನಿಯಮವೇ ಇತ್ತು.

ನಮ್ಮಲ್ಲಿ ತಳಪಾಯದೊಳಗೆ ಮಣ್ಣು ತುಂಬಿ, ದಿಮ್ಮಸು ಹೊಡೆದು, ಮೇಲೆ ನೆಲ ಹಾಕುತ್ತೇವೆ. ಇಲ್ಲಿ ಮಣ್ಣು ತುಂಬದೆ ಮರದ ಜಂತೆಗಳ ಮೇಲೆ ಹಲಗೆ ಹಾಸುತ್ತಾರೆ. ಕೆಳಗೆ ಎರಡು ಮೂರು ಅಡಿಯ ಪೊಳ್ಳು. ತೆವಳಿಕೊಂಡೇ ಹೋಗಬೇಕು, ಹೆಸರೂ ಕ್ರಾಲ್ ಸ್ಪೇಸ್. ನೀರಿನ ಕೊಳವೆ, ವೈರು, ಏಸಿಯ ಗಾಳಿ ಒಯ್ಯುವ ಡಕ್ಟು ಎಲ್ಲ ಅಲ್ಲೇ.

ಜುಲೈನಲ್ಲಿ ಹೊರಗೆ 32 ಡಿಗ್ರಿ, ತೇವಾಂಶ ಶೇ 60 ಅಂದುಕೊಳ್ಳಿ. ಆ ಗಾಳಿ ಸುಮಾರು 23 ಡಿಗ್ರಿಗೆ ತಣಿದರೆ ಸಾಕು, ನೀರಾಗುತ್ತದೆ. ನೆಲದಡಿಯ ಮಣ್ಣು ಅದಕ್ಕಿಂತ ತಂಪು, ಏಸಿ ಡಕ್ಟಂತೂ ಇನ್ನೂ ತಂಪು. ಫ್ರಿಜ್ಜಿನ ತಣ್ಣೀರನ್ನು ಚೊಂಬಿಗೆ ಬಗ್ಗಿಸಿದಾಗ ಹೊರಮೈ ಬೆವರುವ ಹಾಗೆ ಡಕ್ಟು ಬೆವರಿ ತೊಟ್ಟಿಕ್ಕುತ್ತದೆ. ಶಾಖ ತಡೆಯಲು ಜಂತೆಗಳ ನಡುವೆ ತುರುಕಿದ ಹತ್ತಿಯಂಥ ಫೈಬರ್‌ಗ್ಲಾಸ್ ಒದ್ದೆಯಾಗಿ, ಭಾರಕ್ಕೆ ಜೋತು, ಹಲಗೆ ಬಿಟ್ಟು ಕೆಳಗೆ ಬರುತ್ತದೆ. ಮರದ ತೇವ ಶೇ 20 ದಾಟಿತೆಂದರೆ ಬೂಷ್ಟು, ಇನ್ನೂ ಏರಿದರೆ ಕೊಳೆತ. ಒಣಗಲೆಂದು ಬಿಟ್ಟ ಕಿಂಡಿಯೇ ಬೇಸಿಗೆಯಲ್ಲಿ ಒಳಗೆ ನೀರು ತರುತ್ತದೆ.

ಚಳಿಗಾಲದ ಕಥೆ ಬೇರೆ. ಬಿಸಿಗಾಳಿ ಮೇಲೇರಿ ಅಟ್ಟದ ಸಂದಿಗಳಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನ ತಣ್ಣನೆ ಗಾಳಿಯನ್ನು ಮನೆ ಹೀರಿಕೊಳ್ಳುತ್ತದೆ. ಅಮ್ಮ ಬಂದಾಗ ಅಂಗಾಲು ಕೊರೆಯುತ್ತದೆ ಅನ್ನುತ್ತಿದ್ದದ್ದು ಇದಕ್ಕೇ. ಹೀಟರು ಎಷ್ಟು ಏರಿಸಿದರೂ ಅದು ಹೋಗದು.

ಇದೇ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ 12 ಮನೆಗಳನ್ನು ಆರಿಸಿಕೊಂಡು ಅಡ್ವಾನ್ಸ್ಡ್ ಎನರ್ಜಿ ಎಂಬ ಸಂಸ್ಥೆ ಅಳೆದು ನೋಡಿದೆ. ಕಿಂಡಿ ಮುಚ್ಚಿದ ಮನೆಗಳ ತಳ ಒಣಗಿತ್ತು. ಏಸಿ, ಹೀಟರಿನ ಕರೆಂಟೂ ಸರಾಸರಿ ಶೇ 15ರಷ್ಟು ಉಳಿದಿತ್ತು.

ಆದರೆ ಕಿಂಡಿಯನ್ನಷ್ಟೇ ಮುಚ್ಚಿ ಮಣ್ಣನ್ನು ತೆರೆದು ಬಿಟ್ಟರೆ ನೀವು ಹೆದರಿದಂತೆಯೇ ಆಗುತ್ತದೆ. ಮೊದಲು ಹೊರಗಿನ ನೀರು. ಸೂರಿನ ದೋಣಿಯ ನೀರು ಗೋಡೆಯಿಂದ ಐದಾರು ಅಡಿ ಆಚೆ ಬೀಳಬೇಕು. ಸುತ್ತಲ ನೆಲ 10 ಅಡಿಗೆ 6 ಇಂಚು ಇಳಿಜಾರಿರಬೇಕು. ಮಳೆ ಬಂದಾಗ ಒಳಗೆ ನೀರು ನಿಲ್ಲುವುದಾದರೆ ಉಳಿದ ಕೆಲಸಕ್ಕೆ ಕೈ ಹಾಕುವುದೇ ತಪ್ಪು.

ಲೆಕ್ಕಕ್ಕೆ ನಮ್ಮ 30×40 ಸೈಟನ್ನೇ ತೆಗೆದುಕೊಳ್ಳಿ. ನೆಲ 1200 ಚದರಡಿ, ಸುತ್ತಳತೆ 140 ಅಡಿ, ಒಳಗೋಡೆ 3 ಅಡಿ. ಜೋತುಬಿದ್ದ ಫೈಬರ್‌ಗ್ಲಾಸ್, ಮರದ ಚೂರು ಎಲ್ಲ ಹೊರಗೆ ಹಾಕಬೇಕು. ಎನ್-95 ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಇಲ್ಲದೆ ಇಳಿಯಬಾರದು. ಹಳೆಯ ಕೊಳವೆಗಳಿಗೆ ಬಿಳಿ ಹೊದಿಕೆ ಸುತ್ತಿದ್ದರೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಪರೀಕ್ಷೆ ಮಾಡಿಸದೆ ಮುಟ್ಟಬಾರದು. ಆಮೇಲೆ ನೆಲಹಲಗೆಯ ತೂತುಗಳು. ಕೊಳವೆ, ವೈರು ತೂರಿದಲ್ಲೆಲ್ಲ ಫೋಮ್ ಸ್ಪ್ರೇ. ಸ್ನಾನದ ತೊಟ್ಟಿಯ ಕೆಳಗೆ ಒಂದಡಿ ಚೌಕದ ತೂತು ಸಾಮಾನ್ಯ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹಲಗೆ ಕತ್ತರಿಸಿ ಕೂರಿಸಿ ಅಂಚಿಗೆ ಫೋಮ್ ಬಿಡಬೇಕು. ಡಕ್ಟಿನ ಕೀಲುಗಳಿಗೆ ಬಟ್ಟೆಯ ಟೇಪು ಬೇಡ, ಅಂಟು ಒಣಗಿ ಕಳಚುತ್ತದೆ. ಬ್ರಷ್‌ನಿಂದ ಮ್ಯಾಸ್ಟಿಕ್ ಎಂಬ ಅಂಟು ಲೇಪ ಹಚ್ಚಬೇಕು.

ಗೋಡೆಗೆ ಫಾಯಿಲ್ ಹೊದಿಸಿದ 2 ಇಂಚಿನ ಪಾಲಿಐಸೊ ಎಂಬ ಗಟ್ಟಿ ಫೋಮಿನ ಹಲಗೆ, ಶಾಖ ತಡೆಯುವ ಅಳತೆಯಲ್ಲಿ ಸುಮಾರು ಆರ್-12. ಫೋಮ್ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ತೆರೆದೇ ಬಿಡಬಹುದೆಂದು ಮಾನ್ಯತೆ ಇರುವ ಹಲಗೆಯನ್ನೇ ಕೊಳ್ಳಬೇಕು. ಗೋಡೆಗೆ 4×8 ಅಡಿಯ 14 ಹಲಗೆ ಬೇಕು. ಗೋಡೆಯ ತಲೆಯ ಮೇಲೆ ಜಂತೆಗಳ ತುದಿಯ ನಡುವಣ ಗೂಡುಗಳೇ ಗಾಳಿ ನುಗ್ಗುವ ಮುಖ್ಯ ದಾರಿ. ಜಂತೆಗಳ ಅಂತರ 16 ಇಂಚಾದರೆ ಎರಡು ಕಡೆಯಿಂದ ಸುಮಾರು 60 ಗೂಡು. ಒಂದೊಂದಕ್ಕೂ 14.5×9.25 ಇಂಚಿನ ತುಂಡು, ಒಂದು ಹಲಗೆಗೆ 30 ತುಂಡು ಬರುತ್ತದೆ. ಕಾಲಿಂಚು ಚಿಕ್ಕದಾಗಿ ಕತ್ತರಿಸಿ ಸುತ್ತ ಫೋಮ್ ತುಂಬಿದರೆ ಬಿಗಿಯಾಗಿ ಕೂರುತ್ತದೆ, ಅಳತೆಗೆ ಸರಿಯಾಗಿ ಕತ್ತರಿಸಿದರೆ ಫೋಮ್ ಇಳಿಯಲು ಜಾಗವೇ ಇರುವುದಿಲ್ಲ. ಉಳಿದೆರಡು ಬದಿಗೆ ಇನ್ನೆರಡು ಹಲಗೆ. ಕಿಂಡಿಗೂ ಹಾಳಾಗುವುದಕ್ಕೂ ಸೇರಿಸಿ 20 ತರಿಸಬೇಕು. ಗೋಡೆಯ ಮೇಲ್ತುದಿಯಲ್ಲಿ 3 ಇಂಚು ಬರಿಗೋಡೆ ಕಾಣುವಂತೆ ಬಿಡಬೇಕು. ಗೆದ್ದಲಿನ ಮಣ್ಣಿನ ಗೆರೆ ಮೊದಲು ಕಾಣುವುದು ಅಲ್ಲೇ, ನಿಮಗೆ ಹೇಳಬೇಕಿಲ್ಲ.

ಕೊನೆಗೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ. ನಿಯಮಕ್ಕೆ 6 ಮಿಲ್ ದಪ್ಪ ಸಾಕು, ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಆದರೆ ಅದರ ಮೇಲೆ ತೆವಳುವ ಪ್ಲಂಬರಿನ ಮೊಣಕಾಲಿಗೆ ಅದು ಹರಿಯುತ್ತದೆ, 12 ಮಿಲ್ ಹಾಕುವುದು ಮೇಲು. ಹಾಳೆಯ ಮೇಲೆ ಹಾಳೆ ಒಂದಡಿ ಕೂರಬೇಕು, ಕೀಲಿಗೆ ಟೇಪು. ಕಂಬಗಳಿಗೂ ಸುತ್ತಿ, ಗೋಡೆಗೆ ಏರಿಸಿ ಬಿಗಿಯಬೇಕು. ಒಟ್ಟು 1800ರಿಂದ 1900 ಚದರಡಿ.

ಮುಚ್ಚಿದ ಮೇಲೆ ಒಣಗಿಸುವ ವ್ಯವಸ್ಥೆ ಬೇಕೇ ಬೇಕು. ಏಸಿಯಿಂದ 50 ಚದರಡಿಗೆ ನಿಮಿಷಕ್ಕೆ 1 ಘನ ಅಡಿಯಂತೆ, ಈ ಮನೆಗೆ 24 ಘನ ಅಡಿ ಗಾಳಿ ಬಿಡಬಹುದು. ಏಸಿ ಓಡದ ವಸಂತದ ಮಳೆ ದಿನಗಳಲ್ಲಿ ಇದು ಸಾಲದು. ಗಾಳಿಯ ತೇವ ಹೀರುವ ಯಂತ್ರ, ಶೇ 50ಕ್ಕೆ ಇಟ್ಟ ಡಿಹ್ಯುಮಿಡಿಫೈಯರಿನ ಮೇಲೇ ನನಗೆ ಹೆಚ್ಚು ನಂಬಿಕೆ. ಮರ ತೀರಾ ಬೇಗ ಒಣಗಿದರೆ ಮೇಲಿನ ನೆಲದ ಪಟ್ಟಿಗಳ ನಡುವೆ ಬಿರುಕು ಬಿಡುತ್ತದೆ, ಮೊದಲ ಕೆಲವು ವಾರ ಶೇ 60ರಿಂದ ಮೆಲ್ಲಗೆ ಇಳಿಸಬೇಕು.

ಒಂದು ಮಾತ್ರ ಮರೆಯಬಾರದು. ಕೆಳಗೆ ಹಳೆಯ ನಮೂನೆಯ ಗ್ಯಾಸ್ ಹೀಟರು ಇದ್ದು, ಉರಿಗೆ ಬೇಕಾದ ಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಿದ್ದರೆ, ಕಿಂಡಿ ಮುಚ್ಚಿದಾಗ ಹೊಗೆ ಹಿಂದಕ್ಕೆ ತಿರುಗಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆ ಸೇರಬಹುದು. ಅದಕ್ಕೆ ವಾಸನೆಯಿಲ್ಲ. ಹೊರಗಿನಿಂದಲೇ ಗಾಳಿ ಪಡೆಯುವ ಹೀಟರು ಹಾಕಿಸುವವರೆಗೆ ಒಂದು ಕಿಂಡಿಯನ್ನೂ ಮುಚ್ಚಬಾರದು.

ಜಂತೆಗಳ ತೇವ ಅಳೆಯುವ ಮೀಟರು ಬೇಕೆಂದಿರಿ. ಎರಡು ಮುಳ್ಳಿನದು, ಮರಕ್ಕೆ ಚುಚ್ಚಿ ಓದುವಂಥದ್ದು. ಬರುವಾಗ ತರುತ್ತೇನೆ. ನಮ್ಮ ಅಟ್ಟದ ತೊಲೆಗಳಿಗೂ ಒಮ್ಮೆ ಚುಚ್ಚಿ ನೋಡೋಣ.

ಇಂತಿ ನಿಮ್ಮ ಮಗಳು