ಕಾಂಡ್ಲಾ ನೆಡುವ ಮೊದಲು ಬಳಚು ಹೆಕ್ಕುವವರನ್ನು ಕೇಳಿ

ಮಾನ್ಯರೇ,

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಒಂದು ಕಾಲದಲ್ಲಿ ಇದೇ ಅಳಿವೆಯ ದಂಡೆಯ ತದಡಿಗೆ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ತರಲು ಹೊರಟಿದ್ದರು. ಅದನ್ನು ನೆನೆದರೆ ಈ 4801 ಹೆಕ್ಟೇರ್ ಜಾಗಕ್ಕೆ ಸಿಕ್ಕ ಮನ್ನಣೆ ಸಣ್ಣದಲ್ಲ. ಆಗ ಅಡ್ಡ ನಿಂತವರು ಹೊಳೆಯನ್ನೇ ನಂಬಿದ ಮೀನುಗಾರರು, ರೈತರು. ಈಗ ಸಂರಕ್ಷಣೆಯ ಮಾತು ಬಂದಾಗ ಅದೇ ಜನರನ್ನು ಹೊಳೆಗೆ ಅಪಾಯ ತರುವವರಂತೆ ನೋಡಿದರೆ ನನಗೆ ಸರಿ ಕಾಣುವುದಿಲ್ಲ. 6000ದಿಂದ 7500 ಕುಟುಂಬಗಳ ಹೊಟ್ಟೆಪಾಡು ಈ ಅಳಿವೆಯಲ್ಲಿದೆ ಎಂದು ರಾಮ್ಸಾರ್ ವಿವರಣೆಯೇ ಹೇಳುತ್ತದೆ.

ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಕಾಂಡ್ಲಾ (ಉಪ್ಪುನೀರಿನ ದಂಡೆಯಲ್ಲಿ ಬೆಳೆಯುವ ಮ್ಯಾಂಗ್ರೋವ್) ನೆಡುವ ಜಾಗದ ಬಗ್ಗೆ. ಕಾಂಡ್ಲಾ ಬೇಕು, ಅದರಲ್ಲಿ ತಕರಾರಿಲ್ಲ. ಮೀನು-ಸಿಗಡಿಯ ಮರಿಗಳು ಬೆಳೆಯುವುದು ಅದರ ಬೇರುಗಳ ನಡುವೆ, ದಂಡೆಯ ಮಣ್ಣು ನಿಲ್ಲುವುದೂ ಅದರಿಂದಲೇ. ಆದರೆ ಸಸಿ ನೆಡಲು ಸುಲಭಕ್ಕೆ ಸಿಗುವುದು ಇಳಿತದಲ್ಲಿ ತೆರೆದುಕೊಳ್ಳುವ ಕೆಸರು ಬಯಲು. ಯಾರ ಹೆಸರಿನ ಪಹಣಿಯೂ ಇಲ್ಲ, ಕಡಿಯಬೇಕಾದ ಮರವಿಲ್ಲ, ಫೋಟೊಗೂ ಚೆನ್ನ. ನಕ್ಷೆಯಲ್ಲಿ ಅದು ಖಾಲಿ ಜಾಗ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಅಲ್ಲಿಗಿಳಿಯುವ ಹೆಂಗಸರಿಗೆ ಅದು ಬಳಚಿನ, ಅಂದರೆ ತಿನ್ನುವ ಚಿಪ್ಪುಜೀವಿಯ, ಗದ್ದೆ. ಕಾಂಡ್ಲಾ ಒಮ್ಮೆ ಬೇರೂರಿದರೆ ನೀರಿನ ಓಟ ನಿಧಾನವಾಗುತ್ತದೆ, ಹೂಳು ಕೂರುತ್ತದೆ, ನೆಲ ಮೇಲೇರುತ್ತದೆ. ಭರತ-ಇಳಿತದ ನೀರು ತೊಳೆಯುತ್ತಿರುವ ಮರಳುಗೆಸರೇ ಬೇಕಾದ ಬಳಚು ಅಲ್ಲಿ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಸಾವಿರಾರು ಮೈಲು ಹಾರಿ ಬರುವ ಗೊರವ, ಉಲ್ಲಂಕಿಗಳೂ ಮೇಯುವುದು ಬಯಲಿನಲ್ಲೇ ಹೊರತು ಮರದಡಿಯಲ್ಲಲ್ಲ. ಅಂದರೆ ತಪ್ಪು ಜಾಗದಲ್ಲಿ ನೆಟ್ಟ ಕಾಂಡ್ಲಾದಿಂದ ಹಕ್ಕಿಗೂ ನಷ್ಟ, ಹೆಕ್ಕುವವಳಿಗೂ ನಷ್ಟ. ವನ್ಯಜೀವಿ ಮತ್ತು ಜೀವನೋಪಾಯ ಎದುರುಬದುರು ಎಂದು ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಎರಡೂ ಒಂದೇ ಪಕ್ಷದಲ್ಲಿವೆ!

ಹಾಗಾದರೆ ನೆಡುವುದೆಲ್ಲಿ? ಹಿಂದೆ ಕಾಂಡ್ಲಾ ಇದ್ದು ಈಗ ಬೋಳಾಗಿರುವ ದಂಡೆಗಳಲ್ಲಿ, ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಒಡ್ಡುಗಳ ಹೊರಮೈಯಲ್ಲಿ. ಗಜನಿಯದ್ದು ಮಾತ್ರ ಸ್ವಲ್ಪ ಸಿಕ್ಕಿನ ವಿಷಯ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಜಂತ್ರಡಿ (ಒಡ್ಡಿನ ತೂಬುಬಾಗಿಲು) ತೆಗೆದು ಉಪ್ಪುನೀರು ಬಿಟ್ಟು ಮೀನು-ಸಿಗಡಿ, ಹೀಗಿತ್ತು ಹಳೆಯ ಲೆಕ್ಕ. ಸಿಗಡಿ ಕೃಷಿಯ ಭರಾಟೆ ಬಂದಾಗ ಆ ಲೆಕ್ಕ ತಪ್ಪಿತು. ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಹೊಂಡಗಳು ಕೂಡದೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಹೇಳಿತು, ಕರಾವಳಿ ಜಲಕೃಷಿಯ 2005ರ ಕಾಯ್ದೆ ಬಾಗಿಲನ್ನು ಮತ್ತೆ ತೆರೆಯಿತು. ಈ ನಡುವೆ ಪಾಳುಬಿದ್ದ ಗಜನಿಗಳಲ್ಲಿ ಕಾಂಡ್ಲಾ ತಾನಾಗಿ ಮೊಳೆಯುತ್ತದೆ. ಒಡೆಯನಿಗೆ ಸಂತೋಷವಾಗಬೇಕಿತ್ತು, ಆಗುವುದು ಭಯ. 1000 ಚದರ ಮೀಟರ್‌ಗಿಂತ ಹೆಚ್ಚು ಕಾಂಡ್ಲಾ ಬೆಳೆದರೆ ಸುತ್ತ 50 ಮೀಟರ್ ಕಾಯ್ದಿರಿಸಬೇಕೆಂಬ ನಿಯಮ ಅವನ ಕಿವಿಗೂ ಬಿದ್ದಿದೆ. ಅದು ತನ್ನ ಗದ್ದೆಗೆ ಎಷ್ಟು ಅನ್ವಯ ಎಂದು ಬಿಡಿಸಿ ಹೇಳುವವರಿಲ್ಲ. ಅವನು ಸಸಿಯನ್ನು ಮೊಳಕೆಯಲ್ಲೇ ಕೀಳುತ್ತಾನೆ. ಕಾಂಡ್ಲಾ ಬಿಟ್ಟವನಿಗೆ ಗದ್ದೆ ಹೋಗುವುದಿಲ್ಲ ಎಂದು ಬರೆದುಕೊಟ್ಟರೆ ಅರ್ಧ ಕೆಲಸವಾದಂತೆ. ಕಗ್ಗ ಬೆಳೆಯುವವನಿಗೆ ಒಡ್ಡಿನ ದುರಸ್ತಿಗೆ ಕೈನೆರವು ಕೊಟ್ಟರೆ ಇನ್ನೂ ಒಳ್ಳೆಯದು.

ಹೊಳೆಯವರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಎಳೆ ಬಳಚನ್ನೂ ಬಿಡದೆ ಬಾಚುವವರಿದ್ದಾರೆ. ಅದಕ್ಕೆ ಉಪಾಯ ಗದರಿಸುವುದಲ್ಲ. ಕೇರಳದ ಅಷ್ಟಮುಡಿ ಸರೋವರವೂ ರಾಮ್ಸಾರ್ ತಾಣವೇ. ಅಲ್ಲಿ 1990ರ ದಶಕದ ಆರಂಭದಲ್ಲಿ ಬಳಚಿನಂಥ ಚಿಪ್ಪಿನ ಫಸಲು ಕುಸಿದಾಗ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೆಕ್ಕುವುದನ್ನು ನಿಲ್ಲಿಸಿದರು, ಬಲೆಯ ಕಣ್ಣು ದೊಡ್ಡದಾಗಿರಬೇಕೆಂದರು. 2014ರಲ್ಲಿ ಆ ಚಿಪ್ಪಿಗೆ ಸುಸ್ಥಿರ ಮೀನುಗಾರಿಕೆಯ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ದೇಶದಲ್ಲೇ ಮೊದಲು. ಅವರ ತಿಂಗಳುಗಳನ್ನೇ ಇಲ್ಲಿಗೆ ತಂದು ಹೇರಬೇಕೆಂದಲ್ಲ, ನಮ್ಮ ಬಳಚು ಮೊಟ್ಟೆಬಿಡುವ ಕಾಲ ನೋಡಿ ನಮ್ಮ ನಿಯಮ ಮಾಡಬೇಕು. ಬಿಡುವಿನ ತಿಂಗಳುಗಳಲ್ಲಿ ಕಡಲ ಮೀನುಗಾರರಿಗೆ ಸಿಗುವಂಥ ನೆರವು ಬುಟ್ಟಿ ಹಿಡಿದ ಹೆಂಗಸಿಗೂ ಸಿಗಬೇಕು. ಅವಳ ಬಳಿ ದೋಣಿಯಿಲ್ಲ, ನೋಂದಣಿಯೂ ಇಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಅವಳಿಲ್ಲ.

ಅಳಿವೆಯ ನಿರ್ವಹಣಾ ಯೋಜನೆಗೆ ಜನರ ಅಭಿಪ್ರಾಯ ಕೇಳುವುದಾದರೆ ಒಂದು ಸಣ್ಣ ಬೇಡಿಕೆ. ಸಭೆಯ ದಿನ, ಗಳಿಗೆ ಗೊತ್ತುಮಾಡುವಾಗ ತಿಥಿ ನೋಡಿ. ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಇಳಿತದ ಹೊತ್ತಿಗೆ ಸಭಾಭವನದಲ್ಲಿ ಕುರ್ಚಿ ಹಾಕಿ ಕಾದರೆ ಬಳಚು ಹೆಕ್ಕುವವರು ಯಾರೂ ಬರುವುದಿಲ್ಲ. ಆ ಹೊತ್ತಿಗೆ ಅವರು ಕೆಸರಿನಲ್ಲಿರುತ್ತಾರೆ.

– ಓದುಗ, ಕುಮಟಾ ತಾಲ್ಲೂಕು