ಬೀಗ ಹಾಕಿದವರು ಯಾರೆಂದು ಹೇಳಿ

ಮಾನ್ಯರೇ,

ಕಳೆದ ಭಾನುವಾರ ಬಸವನಗುಡಿಯ ಸಭಾಂಗಣದಲ್ಲಿ ನಡೆಯಬೇಕಿದ್ದ ಕಾದಂಬರಿ ಬಿಡುಗಡೆ ಸಮಾರಂಭವು ‘ತಾಂತ್ರಿಕ ಕಾರಣದಿಂದ’ ರದ್ದಾಯಿತೆಂದು ಆಡಳಿತ ಮಂಡಳಿ ಹೇಳಿರುವುದನ್ನು ಸೋಮವಾರದ ಸಂಚಿಕೆಯಲ್ಲಿ ಓದಿ, ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಅಂದು ಬೆಳಿಗ್ಗೆ ಆ ಗೇಟಿನ ಮುಂದೆ ನಿಂತಿದ್ದವರಲ್ಲಿ ನಾನೂ ಒಬ್ಬಳು. ಅಲ್ಲಿ ಮೈಕು ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ. ಗೇಟಿಗೆ ಬೀಗ ಜಡಿದು, ‘ಅನಿವಾರ್ಯ ಕಾರಣಗಳಿಂದ ಇಂದಿನ ಕಾರ್ಯಕ್ರಮ ಇರುವುದಿಲ್ಲ’ ಎಂದು ಕೈಯಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಿದ್ದರು. ಹಾಳೆಯ ಅಂಚಿನ ಅಂಟು ಇನ್ನೂ ಒಣಗಿರಲಿಲ್ಲ.

ನನಗೆ ಅರವತ್ತೇಳು ವರ್ಷ. ರಾಜಾಜಿನಗರದಿಂದ ನ್ಯಾಷನಲ್ ಕಾಲೇಜು ನಿಲ್ದಾಣದವರೆಗೆ ಮೆಟ್ರೊದಲ್ಲಿ ನಿಂತೇ ಬಂದು, ಅಷ್ಟು ಹತ್ತಿರಕ್ಕೆ ಯಾವ ಆಟೊದವರೂ ಒಪ್ಪದ ಕಾರಣ ಮಂಡಿನೋವಿನಲ್ಲಿಯೇ ನಡೆದು ತಲುಪಿದಾಗ ಹತ್ತೂವರೆ. ಒಂದು ಗಂಟೆ ಬಿಸಿಲಿನಲ್ಲಿ ನಿಂತ ಮೇಲೆ, ಶೌಚಾಲಯಕ್ಕಾದರೂ ಒಳಗೆ ಬಿಡಪ್ಪ ಎಂದು ಕಾವಲಿನ ಹುಡುಗನನ್ನು ಕೇಳಿಕೊಂಡರೆ, ‘ಆರ್ಡರ್ ಇಲ್ಲಮ್ಮ’ ಎಂದು ಅವನು ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಆರ್ಡರ್ ಕೊಟ್ಟು ಭಾನುವಾರದ ದಿನ ಫೋನು ಆಫ್ ಮಾಡಿಕೊಂಡು ಕುಳಿತ ದೊಡ್ಡವರ ಮೇಲೆ ಇದೆ. ಮೂರು ವಾರ ಮೊದಲೇ ಬಾಡಿಗೆ, ಠೇವಣಿ ಎರಡನ್ನೂ ಕಟ್ಟಿಸಿಕೊಂಡು ರಸೀದಿ ಕೊಟ್ಟವರು ಇವರೇ. ಕಾದಂಬರಿಯ ವಸ್ತುವೇನೆಂಬುದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಶನಿವಾರ ರಾತ್ರಿ ಯಾರೋ ಆಕ್ಷೇಪದ ಪತ್ರ ಕೊಟ್ಟರಂತೆ. ಮಂಡಳಿಯವರನ್ನು ಕೇಳಿದರೆ ಪೊಲೀಸರು ಬೇಡವೆಂದರು ಎನ್ನುತ್ತಾರೆ, ಠಾಣೆಯಲ್ಲಿ ಕೇಳಿದರೆ ಅದು ಮಂಡಳಿಯ ತೀರ್ಮಾನ ಎನ್ನುತ್ತಾರೆ. ಎರಡೂ ಕಡೆ ಲಿಖಿತವಾಗಿ ಒಂದು ಸಾಲೂ ಇಲ್ಲ.

ಕಟ್ಟುನಿಟ್ಟಿನ ಧಾರ್ಮಿಕ ಮನೆಯಲ್ಲಿ ಬೆಳೆದ ಹುಡುಗನೊಬ್ಬ ತಾನು ಸಲಿಂಗಿಯೆಂದು ಅರಿತು, ಮನೆಯನ್ನೂ ಮನೆಯ ನಂಬಿಕೆಯನ್ನೂ ಬಿಟ್ಟು ಹೊರಡುವ ಕಥೆಯಿದು. ಆಕ್ಷೇಪಿಸಿದವರು ಇದನ್ನು ಓದಿರಲು ಸಾಧ್ಯವೇ ಇಲ್ಲ, ಏಕೆಂದರೆ ಪುಸ್ತಕದ ಕಟ್ಟುಗಳನ್ನು ಬಿಚ್ಚಿದ್ದೇ ಆ ದಿನ ರಸ್ತೆಯ ಮೇಲೆ. ನಾನು ಎರಡು ರಾತ್ರಿ ಕುಳಿತು ಓದಿ ಮುಗಿಸಿದ್ದೇನೆ. ದೇವರನ್ನು ಹಳಿಯುವ ಒಂದು ವಾಕ್ಯವೂ ಅದರಲ್ಲಿಲ್ಲ. ಮನೆ ಬಿಡುವ ರಾತ್ರಿ ಆ ಹುಡುಗ, ಬೆಳಗಿನ ಪ್ರಾರ್ಥನೆಗೆ ಅಪ್ಪನಿಗೆ ಎಚ್ಚರವಾಗಲೆಂದು ಗಡಿಯಾರಕ್ಕೆ ಅಲಾರಂ ಇಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾನೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಆ ಪುಟವನ್ನು ದಾಟಿ ಮುಂದೆ ಹೋಗಲು ಬಹಳ ಹೊತ್ತು ಬೇಕಾಯಿತು.

ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಪುಸ್ತಕ ಇಷ್ಟವಾಗದವರು ಅದನ್ನು ಪಕ್ಕಕ್ಕಿಡಬಹುದು, ಬರೆಯುವವರನ್ನು ತಡೆಯುವಂತಿಲ್ಲ ಎಂಬರ್ಥದ ತೀರ್ಪನ್ನು ಮದ್ರಾಸ್ ಹೈಕೋರ್ಟ್ 2016ರಲ್ಲಿ ಕೊಟ್ಟಿತು. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರನ್ನು ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನದಲ್ಲಿ ಕೂರಿಸಿದ ರಾಜ್ಯ ನಮ್ಮದು. ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂದ ಜೇಡರ ದಾಸಿಮಯ್ಯನ ವಚನವನ್ನು ನಾನು ಎರಡು ತಿಂಗಳ ಹಿಂದೆ ಇದೇ ಸಭಾಂಗಣದಲ್ಲಿ ಕೇಳಿದ್ದೆ. ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದವರು ಇದೇ ಮಂಡಳಿಯವರು.

ಬಿಡುಗಡೆಯೆಂದರೆ ಬರೀ ಹಾರ ತುರಾಯಿ ಎಂದು ಅಧಿಕಾರಿಗಳು ತಿಳಿದಂತಿದೆ. ಹೊಸ ಲೇಖಕರ ಮೊದಲ ಕಾದಂಬರಿ 500 ಅಥವಾ ಹೆಚ್ಚೆಂದರೆ 1000 ಪ್ರತಿ ಅಚ್ಚಾಗುತ್ತದೆ. ಬಿಡುಗಡೆಯ ದಿನ ಮಾರಾಟವಾಗದಿದ್ದರೆ ಪ್ರಕಾಶಕರ ಮನೆಯ ಅಟ್ಟ ಸೇರುತ್ತದೆ. ಇನ್ನು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಕೂರುವ ಕಾಲ ಎಂದೋ ಹೋಯಿತು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ತಪ್ಪದೆ ಕಟ್ಟುತ್ತೇವೆ. ಅದನ್ನು ಇಲಾಖೆಗೆ ಪೂರ್ತಿಯಾಗಿ ದಾಟಿಸಲು ಪಾಲಿಕೆಗೆ ಕೈ ಬರುವುದಿಲ್ಲ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೊಸ ಕಾದಂಬರಿ ಬಂದದ್ದನ್ನು ನಾನು ನೋಡಿ ವರ್ಷಗಳೇ ಆದವು. ಈ ಬಗ್ಗೆ ಬರೆದ ಎರಡು ಮನವಿಗಳಿಗೆ ಇಂದಿಗೂ ಉತ್ತರವಿಲ್ಲ.

ಅಂದು ಲೇಖಕರು ಎದುರು ರಸ್ತೆಯ ಮರದ ಕೆಳಗೆ ರಟ್ಟಿನ ಪೆಟ್ಟಿಗೆ ಒಡೆದು, ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡು ಪ್ರತಿಗಳಿಗೆ ಸಹಿ ಮಾಡಿಕೊಟ್ಟರು. ಕಾಲೇಜು ಓದುವ ವಯಸ್ಸಿನ ಹುಡುಗನೊಬ್ಬ ಒಂದು ಪ್ರತಿ ಕೊಂಡು, ಮುಖಪುಟ ಕಾಣದಂತೆ ಅದನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯ ಕೆಳಗಿಟ್ಟು ಬ್ಯಾಗಿನ ಜಿಪ್ ಎಳೆದ. ಮನೆಯಲ್ಲಿ ಯಾರಿಗೂ ಕಾಣದಂತೆ ಓದಬೇಕಾದ ಆ ಹುಡುಗನಿಗೆ, ಎಲ್ಲರ ನಡುವೆ ಒಂದು ಕುರ್ಚಿಯಲ್ಲಿ ಕುಳಿತು ಆ ಕಥೆಯನ್ನು ಕೇಳುವ ಎರಡು ಗಂಟೆಯನ್ನೂ ಇವರು ತಪ್ಪಿಸಿದರು.

ಆಡಳಿತ ಮಂಡಳಿಯು ಬಾಡಿಗೆ, ಠೇವಣಿಗಳನ್ನು ಹಿಂದಿರುಗಿಸಿ, ಲೇಖಕರ ಕ್ಷಮೆ ಕೇಳಿ, ಅದೇ ವೇದಿಕೆಯಲ್ಲಿ ಸಮಾರಂಭ ನಡೆಸಿಕೊಡಬೇಕು. ಅದು ಆಗದಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಯನ ಸಭಾಂಗಣವನ್ನಾದರೂ ಒದಗಿಸಲಿ. ಪೊಲೀಸರೂ ತಾವು ಹೇಳಿದ್ದೇನೆಂದು ತಿಳಿಸಲಿ. ಇದಾವುದೂ ಆಗುವುದಿಲ್ಲವೆಂದರೆ, ಬೀಗ ಹಾಕಿಸಿದವರು ತಮ್ಮ ಹೆಸರು ಬರೆದು ಸಹಿ ಮಾಡಿದ ಇನ್ನೊಂದು ಹಾಳೆಯನ್ನು ಅದೇ ಗೇಟಿಗೆ ಅಂಟಿಸಲಿ.

— ನಿವೃತ್ತ ಕನ್ನಡ ಅಧ್ಯಾಪಕಿ, ರಾಜಾಜಿನಗರ, ಬೆಂಗಳೂರು